ಒದ್ದೆಯಾಗದ ಬಿರಡೆ

ಹಲ್ಲುಜ್ಜುವ ಬ್ರಷ್ಷಿನ ಎಳೆಗಳ ನಡುವೆ ಒಂದು ಹಣ್ಣಿನ ನೊಣ ಕೂತಿತ್ತು. ಊಟಕ್ಕೆ ಕರೆಸಿಕೊಂಡವರ ಹಾಗೆ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿತ್ತು. ಅವನು ಬ್ರಷ್ಷನ್ನು ನಲ್ಲಿಯ ಕೆಳಗೆ ಹಿಡಿದ. ನೊಣ ಎದ್ದು ಕನ್ನಡಿಗೆ ಹಾರಿ, ಅಲ್ಲಿದ್ದ ಅವನ ಮುಖದ ತುಟಿಯಂಚಿನಲ್ಲಿ ಕೂತಿತು. ಎಳ್ಳುಕಾಳಿಗಿಂತ ಚಿಕ್ಕ ದೇಹ, ಇಟ್ಟಿಗೆಯ ಪುಡಿಯ ಬಣ್ಣದ ಕಣ್ಣು, ತುದಿ ಚೂಪಾದ ಹೊಟ್ಟೆ. ಹೆಣ್ಣು, ಮೊಟ್ಟೆ ತುಂಬಿದ ಹೆಣ್ಣು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಹಾಗೆ ಲೆಕ್ಕ ಹಾಕಿದ ಮನಸ್ಸಿನ ಬಗ್ಗೆ ಅವನಿಗೆ ಹೇಸಿಗೆಯೆನಿಸಿತು. ಬೇರೆಯವರು ಬೆಳಗ್ಗೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾರೆ. ಅವನು ನೊಣದ ಬಸಿರು ನೋಡುತ್ತಾನೆ. ಬ್ರಷ್ಷನ್ನು ಕಸದ ಬುಟ್ಟಿಗೆ ಎಸೆದು, ಕೈಯನ್ನು ಸಾಬೂನು ಹಚ್ಚಿ ತೊಳೆದು, ಸಾಲದೆಂದು ಮತ್ತೆ ತೊಳೆದು, ಬೆರಳಿಗೆ ಪೇಸ್ಟು ಹಾಕಿಕೊಂಡು ಹಲ್ಲುಜ್ಜಿದ. ಬೆರಳಿಗೆ ತನ್ನದೇ ನಾಲಗೆ ತಾಗಿದಾಗ ಅದು ಗಂಜಿಯೊಳಗೆ ಮೆತ್ತಗೆ ಮಲಗಿದ ಮರಿಹುಳುವಿನ ಹಾಗೆನಿಸಿ, ಬಾಯಿ ಮುಕ್ಕಳಿಸಿ ಉಗಿದ.

“ಇನ್ನೊಂದು ಬ್ರಷ್ಷು ಕಸಕ್ಕೆ ಹೋಯ್ತಾ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. “ಅಂಗಡಿಯವನು ನಮ್ಮನೇಲಿ ಒಂದು ಪಟಾಲಮ್ಮೇ ಇದೆ ಅಂದ್ಕೊಂಡಿರಬೇಕು.”

ಕೊಳೆತದ್ದು ಅವನಿಗೆ ಕಂಡರಾಗದು. ವಿಶ್ವವಿದ್ಯಾಲಯದಲ್ಲಿ ಅರ್ಧ ಆಯುಷ್ಯವನ್ನು ಹಣ್ಣಿನ ನೊಣ ಸಾಕುವುದರಲ್ಲಿ ಕಳೆದ ಪ್ರಾಧ್ಯಾಪಕನೊಬ್ಬ ಹೀಗೆಂದರೆ ಜನ ನಗುತ್ತಾರೆಂಬುದು ಅವನಿಗೂ ಗೊತ್ತು. ನೊಣಕ್ಕೆ ಬೇಕಾದದ್ದೇ ಕೊಳೆತ. ಜೋಳದ ಹಿಟ್ಟು, ಸಕ್ಕರೆ, ಈಸ್ಟು ಕೂಡಿಸಿ ಕುದಿಸಿ ಸೀಸೆಯ ತಳಕ್ಕೆ ಹೊಯ್ದ ಗಂಜಿ ನಾಲ್ಕು ದಿನಕ್ಕೆ ಹುಳಿಯುತ್ತದೆ. ಅದರೊಳಗೆ ಮರಿಹುಳುಗಳು ಮುಳುಗೇಳುತ್ತ ಅದನ್ನು ಪಾಯಸದ ಹದಕ್ಕೆ ತರುತ್ತವೆ. ಆ ಹುಳಿವಾಸನೆ ಗೋಡೆಗೆ, ಕುರ್ಚಿಗೆ, ಶರಟಿನ ಕಾಲರಿಗೆ, ಕೊನೆಗೆ ತಲೆದಿಂಬಿಗೆ ಹತ್ತುತ್ತದೆ. ಇಷ್ಟನ್ನು ಅವನು ಸಹಿಸಿದ್ದ, ವಿದ್ಯೆಯ ಬೆಲೆ ಎಂದುಕೊಂಡು. ಆದರೆ ಅದಕ್ಕೊಂದು ಗಡಿ ಹಾಕಿದ್ದ. ಗಂಜಿ ಸೀಸೆಯ ತಳದಲ್ಲಿರಬೇಕು, ಹೊರಗೆಲ್ಲೂ ಒದ್ದೆ ಕಾಣಬಾರದು. ಸೀಸೆಯ ಬಾಯಿಗೆ ಗಿಡಿದ ಹತ್ತಿಯ ಬಿರಡೆಗಂತೂ ಒಂದು ಹನಿ ನೀರು ತಾಗಕೂಡದು. ತಾಗಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಹಸಿರು ನವಿರು ನವಿರಾದ ಬೂಷ್ಟು, ಸತ್ತ ಬೆಕ್ಕಿನ ಕಿವಿಯ ಹಾಗೆ. ಒದ್ದೆ ಬಿರಡೆ ಕಂಡ ದಿನ ಅವನ ಪ್ರಯೋಗಶಾಲೆಯಲ್ಲಿ ಯಾರೂ ಟೀ ಕುಡಿಯುತ್ತಿರಲಿಲ್ಲ.

ಕೆಲಸ ಕೇಳುವುದಕ್ಕೆ ಸರಳ. ನೊಣಗಳಿರುವ ಸಣ್ಣ ಸೀಸೆಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸುವುದು. ಶಾಖ ಏರುತ್ತಿದ್ದಂತೆ ನೊಣಗಳು ಮೊದಲು ಹುಚ್ಚು ಹಿಡಿದಂತೆ ಓಡಾಡುತ್ತವೆ, ಆಮೇಲೆ ತೂಕಡಿಸುತ್ತವೆ, ಆಮೇಲೆ ಒಂದೊಂದಾಗಿ ಮಗುಚಿ ಬೀಳುತ್ತವೆ. ಕೊನೆಯವರೆಗೂ ಬೀಳದವುಗಳನ್ನು ಆರಿಸಿ ಅವುಗಳಿಂದ ಮಾತ್ರ ಸಂತಾನ ಪಡೆಯುವುದು; ಆ ಸಂತಾನವನ್ನು ಮತ್ತೆ ತೊಟ್ಟಿಗಿಳಿಸುವುದು. ಆಯ್ಕೆಯೆಂದರೆ ಶೇಷವನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ, ಬೇಡದ ನೊಣಗಳನ್ನು ಮುಳುಗಿಸಿ ಕೊಲ್ಲುವ ಎಣ್ಣೆಯ ಬಟ್ಟಲಿಗೆ ಸುರಿಯುವ ಭಾಗಾಕಾರ ಎಂದು ಅವನು ತರಗತಿಯಲ್ಲಿ ಹೇಳುವುದಿತ್ತು. ಹೀಗೆ ಪೀಳಿಗೆಯ ಮೇಲೆ ಪೀಳಿಗೆ ಆರಿಸಿ ಬೆಳೆಸಿದ ವಂಶಕ್ಕೆ ಪ್ರಯೋಗಶಾಲೆಯ ಆಡುಮಾತಿನಲ್ಲಿ ‘ಗಟ್ಟಿ’ ಎಂದು ಹೆಸರು. ಹೋಲಿಕೆಗಾಗಿ ಆರಿಸದೆ ಹಾಗೆಯೇ ಬಿಟ್ಟ ವಂಶ ‘ಸಾದಾ’. ಭೂಮಿ ಕಾದು ಬಿಸಿಯಾಗುತ್ತಿದೆ, ಇನ್ನು ಮುಂದೆ ಯಾವ ಜೀವಿ ತಾಳೀತು, ಎಷ್ಟು ಬೇಗ ತಾಳಲು ಕಲಿತೀತು ಎಂದು ಲೋಕವೆಲ್ಲ ಕೇಳುತ್ತಿರುವಾಗ ಅವನ ಗಟ್ಟಿ ನೊಣಗಳು ಅವನಿಗೊಂದು ಹೆಸರು ತಂದಿದ್ದವು. ಆ ನೊಣಗಳ ಮೇಲೆಯೇ ಅವನ ಶಿಷ್ಯೆಯ ಪ್ರಬಂಧ ನಿಂತಿತ್ತು. ಇವತ್ತು ಮಧ್ಯಾಹ್ನ ಅವಳ ಕೊನೆಯ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ಬಂದು ಪ್ರಯೋಗವನ್ನು ಕಣ್ಣಾರೆ ನೋಡಬೇಕೆಂದಿದ್ದರು. ಪದವಿ ಕೈಗೆ ಬಂದ ಮರುದಿನ ಒಂದು ಕಾಲೇಜಿನಲ್ಲಿ ಅವಳಿಗೆ ಉಪನ್ಯಾಸಕಿಯ ಕೆಲಸ ಕಾದಿತ್ತು.

ಅಡುಗೆಮನೆಯಲ್ಲಿ ಅತ್ತೆ ಫ್ಯಾನಿನ ಕೆಳಗೆ ಕೂತಿದ್ದರು. ಸೆಕೆ ಏರಿದಂದಿನಿಂದ ಆಕೆ ಮನೆಯಲ್ಲಿದ್ದ ಒಂದೇ ಒಳ್ಳೆಯ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು, ಸ್ನಾನಕ್ಕೆ ಬಿಟ್ಟರೆ ಮತ್ತಾವುದಕ್ಕೂ ಏಳುತ್ತಿರಲಿಲ್ಲ. ಊಟವೂ ಅಲ್ಲೇ, ತೂಕಡಿಕೆಯೂ ಅಲ್ಲೇ. ಅಳಿಯನನ್ನು ಕಂಡು ಕಾಲು ಒಳಗೆಳೆದುಕೊಂಡರು, ಗೌರವಕ್ಕೋ ಜಾಗ ಕಾಯುವುದಕ್ಕೋ ಹೇಳುವಂತಿರಲಿಲ್ಲ.

“ಬನ್ನಿ ಅಳಿಯಂದ್ರೇ. ನಿಮ್ಮ ಬಂಧುಬಳಗ ಬಂದು ಬೀಡು ಬಿಟ್ಟಿದೆ. ನೀವೇ ಮಾತಾಡಿ ಕಳಿಸಿ.”

“ನಾನಾಗಲೇ ಮಾತಾಡಿದೀನಮ್ಮ,” ಎಂದಳು ಹೆಂಡತಿ. ಕಟ್ಟೆಯ ಮೇಲೆ ಅಗಲದ ಪಾತ್ರೆಯಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ಅದರ ನಡುವೆ ಜಾಮಿನ ಖಾಲಿ ಬಾಟಲಿ. ಬಾಟಲಿಯೊಳಗೆ ಬಾಳೆಹಣ್ಣಿನ ಕಪ್ಪಾದ ಸಿಪ್ಪೆ, ಬಾಯಿಗೆ ಗಿಡಿದ ಹಳೇ ಬಟ್ಟೆಯ ಉಂಡೆ. “ರಾತ್ರಿ ಸಿಪ್ಪೆ ಹಾಕಿ ಬಾಯಿ ತೆರೆದಿಟ್ಟೆ. ಊರಿನ ನೊಣವೆಲ್ಲಾ ಬಂದು ಬಿತ್ತು. ಬೆಳಗ್ಗೆ ಬಟ್ಟೆ ತುರುಕಿ ಬಿಸಿನೀರಲ್ಲಿಟ್ಟೆ. ನೀವು ಮಾಡೋದೂ ಇದೇ ತಾನೇ? ಇದಕ್ಕೆ ನನಗೂ ಒಂದು ಡಾಕ್ಟರ್ ಪಟ್ಟ ಕೊಡಿಸಿ.”

ಅತ್ತೆ ನಕ್ಕರು. ಅವರ ನಗೆ ಫ್ಯಾನಿನ ಗಾಳಿಗೆ ಸಿಕ್ಕಿ ತುಂಡುತುಂಡಾಯಿತು.

“ಎಲ್ಲಾ ಸತ್ತಿವೆ. ಈ ನಾಲ್ಕು ಮಾತ್ರ ಬಟ್ಟೆಗೆ ಅಂಟ್ಕೊಂಡು ಕೂತಿವೆ ನೋಡಿ, ಕಳ್ಳವು. ಇವಕ್ಕೇನು ಬಿಸೀನೇ ತಾಗಲ್ವಾ?”

ಅವನು ಬಾಗಿ ನೋಡಿದ. ತಳದಲ್ಲಿ ನೊಣಗಳು ಸಿಪ್ಪೆಯ ರಸಕ್ಕೆ ಅಂಟಿಕೊಂಡು ಕಾಲು ಮೇಲೆ ಮಾಡಿ ಬಿದ್ದಿದ್ದವು. ಮೇಲೆ, ಬಟ್ಟೆಯ ನೆರಿಗೆಯಲ್ಲಿ, ನಾಲ್ಕು ನೊಣ ಆರಾಮಾಗಿದ್ದವು. ಅದರಲ್ಲೊಂದು ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ಅವನು ಬಾಟಲಿಯ ಗಾಜು ಮುಟ್ಟಿದ. ನೀರಿನ ಮಟ್ಟದಲ್ಲಿ ಬೆರಳು ಸುಟ್ಟಿತು. ಬೆರಳನ್ನು ಮೇಲಕ್ಕೆ, ನೀರಿನಿಂದ ಹೊರಗುಳಿದ ಕುತ್ತಿಗೆಗೆ, ಬಟ್ಟೆಯಿದ್ದ ಎತ್ತರಕ್ಕೆ ತಂದ. ಅಲ್ಲಿ ಗಾಜು ಬರೀ ಉಗುರುಬೆಚ್ಚಗಿತ್ತು, ಮಗುವಿನ ಹಣೆಯಷ್ಟು. ಮತ್ತೆ ಕೆಳಗೆ ತಂದ, ಮತ್ತೆ ಮೇಲೆ. ಹೆಂಡತಿ ಏನೋ ಕೇಳುತ್ತಿದ್ದಳು, ತಿಂಡಿ ಹಾಕಲಾ ಎಂದಿರಬೇಕು. ಅವನಿಗೆ ಕೇಳಿಸಲಿಲ್ಲ. ತನ್ನ ತೊಟ್ಟಿ, ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ ಸಾಲು ಸಾಲು ಸೀಸೆಗಳು, ಪ್ರತಿ ಸೀಸೆಯ ತುದಿಗೆ ನೀರು ತಾಗದಂತೆ ಎತ್ತಿ ಕೂರಿಸಿದ ಬೆಳ್ಳನೆಯ ಒಣ ಬಿರಡೆ, ಶಾಖ ಮುಗಿದ ಮೇಲೆ ಬಿರಡೆಯನ್ನು ಅಂಗೈಗೆ ತಟ್ಟಿ ಬೀಳಿಸಿ, ಬದುಕಿದವುಗಳನ್ನು ಕುಂಚದ ತುದಿಯಿಂದ ಆರಿಸುವ ಶಿಷ್ಯೆಯ ಬೆರಳು, ಎಲ್ಲವೂ ಅಡುಗೆಮನೆಯ ಆ ಹಬೆಯಲ್ಲಿ ಅವನ ಕಣ್ಣಿಗೆ ಕಟ್ಟಿದವು. ಬದುಕಿದವು ಶಾಖ ತಾಳಿದವಲ್ಲ. ಶಾಖವಿಲ್ಲದ ಕಡೆಗೆ ಹತ್ತಿ ಹೋಗಿ ಹತ್ತಿಗೆ ಅಂಟಿಕೊಂಡವು. ಇಷ್ಟು ವರ್ಷ ಅವನು ಆರಿಸಿ, ಉಣಿಸಿ, ವಂಶ ಬೆಳೆಸಿದ್ದು ಗಟ್ಟಿತನವನ್ನಲ್ಲ, ಅಡಗುವುದನ್ನು.

“ತಿಂಡಿ ಬೇಡ,” ಎಂದ.

“ನೋಡಿದ್ರಾ, ನಾಲ್ಕು ನೊಣ ನೋಡಿದ್ದಕ್ಕೆ ಊಟ ಬಿಟ್ರು,” ಎಂದರು ಅತ್ತೆ ಮಗಳಿಗೆ. “ಸಾವಿರಾರು ನೊಣದ ಜೊತೆ ಸಂಸಾರ ಮಾಡೋರು.”

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮೇಲಿನ ಕಂಬಿ ಹಿಡಿದ ಕೈಗಳ ಕಂಕುಳಿನ ವಾಸನೆ, ಮುಂದಿನವನ ಕುತ್ತಿಗೆಯ ಮಡಿಕೆಯಲ್ಲಿ ಕಪ್ಪಗೆ ನಿಂತ ಬೆವರಿನ ಗೆರೆ, ಮುಚ್ಚಿದ ಕಿಟಕಿಯ ಗಾಜಿಗೆ ಯಾರದೋ ತಲೆಯೆಣ್ಣೆ ಉಳಿಸಿದ ದುಂಡನೆಯ ಕಲೆ. ಶಾಖ ಏರಿದಾಗ ಮೊದಲು ಓಡಾಡುತ್ತವೆ, ಆಮೇಲೆ ತೂಕಡಿಸುತ್ತವೆ. ಬಾಗಿಲ ಬಳಿ ಗಾಳಿ ಸಿಗುವ ಒಂದೇ ಮೆಟ್ಟಿಲಿನ ಮೇಲೆ ಒಬ್ಬ ಗಟ್ಟಿಯಾಗಿ ಕಾಲೂರಿ ನಿಂತು ಯಾರನ್ನೂ ಬಿಡುತ್ತಿರಲಿಲ್ಲ. ಹತ್ತುವವರು ಇಳಿಯುವವರು ಅವನನ್ನು ಬೈದು, ಅವನ ಬೆನ್ನಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದರು. ಅವನಂಥವನೇ ಕೊನೆಯ ನಿಲ್ದಾಣದವರೆಗೆ ತಣ್ಣಗೆ ಹೋಗಿ ಇಳಿಯುತ್ತಾನೆ ಎಂದು ಪ್ರಾಧ್ಯಾಪಕನಿಗೆ ಅನಿಸಿತು. ಅಸೂಯೆಯೂ ಅಸಹ್ಯವೂ ಒಟ್ಟಿಗೇ ಆಯಿತು. ಆ ಬೆನ್ನು ‘ಬಿದಿರಿ’ನ ಬೆನ್ನಿನ ಹಾಗಿತ್ತು. ಬಿದಿರು ಎಂದು ಎಲ್ಲರೂ ಕರೆಯುತ್ತಿದ್ದ ಆ ಉದ್ದನೆಯ ಸಂಶೋಧಕ ಶಿಷ್ಯೆಗಿಂತ ಮೊದಲಿನವನು. ಅವನ ಬೆನ್ನು ತೊಟ್ಟಿಯ ಮೇಲೆ ಬಾಗಿರುತ್ತಿತ್ತು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ, ಮತ್ತು ಅವನ ಬಾಯಲ್ಲಿ ಬರುತ್ತಿದ್ದದ್ದೂ ಅದೇ. ಒಂದು ದಿನ ಅವನು ಎಲ್ಲರೆದುರಿಗೆ, ಸರ್, ಬಿರಡೇನ ಇನ್ನೂ ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ಒತ್ತೋಣ, ಮೇಲೆ ಜಾಗ ಇದ್ರೆ ಅವು ಅಲ್ಲಿಗೆ ಹೋಗಿ ಕೂರ್ತವೆ ಅನ್ಸುತ್ತೆ, ಎಂದಿದ್ದ. ಮಾತು ಅಷ್ಟೇ ಆಗಿತ್ತು. ಪ್ರಾಧ್ಯಾಪಕನಿಗೆ ಕೇಳಿಸಿದ್ದು ಒಂದೇ: ಬಿರಡೆ ನೀರಿಗೆ. ಅವನು ಮೂಲೆಯಲ್ಲಿ ಬಿಸಾಡಿದ್ದ, ಯಾವಾಗಲೋ ಒದ್ದೆಯಾಗಿ ಬೂಷ್ಟು ಹಿಡಿದ ಬಿರಡೆಯೊಂದನ್ನು ಚಿಮಟದಲ್ಲಿ ಎತ್ತಿ ತಂದು ಬಿದಿರಿನ ಮೂಗಿನ ಕೆಳಗೆ ಹಿಡಿದಿದ್ದ. “ಮೂಸಿ ನೋಡು. ಇನ್ನೂ ಚೆನ್ನಾಗಿ. ಇದು ಬೇಕಾ ನಿನಗೆ? ಇಲ್ಲಿ ಕೊಳಕು ನಡೆಯೋದಿಲ್ಲ.” ಎಲ್ಲರೂ ನಕ್ಕಿದ್ದರು, ಆಗ ತಾನೇ ಸೇರಿದ್ದ ಶಿಷ್ಯೆಯೂ. ಬಿದಿರು ಮೂಸಿದ. ನಿಜವಾಗಿಯೂ ಮೂಸಿದ, ಕಣ್ಣು ಮುಚ್ಚಿಕೊಂಡು, ಅದರಲ್ಲೇನೋ ತಿಳಿಯುವುದಿದೆ ಎನ್ನುವಂತೆ. ಆ ತಿಂಗಳು ಮುಗಿಯುವುದರೊಳಗೆ ಅವನು ಬಿಟ್ಟು ಹೋದ. ಈಗೆಲ್ಲೋ ಔಷಧಿ ಮಾರುತ್ತಾನಂತೆ. ಅವನು ಹೋದಾಗ ಪ್ರಯೋಗಶಾಲೆ ಸ್ವಚ್ಛವಾಯಿತು ಎಂದು ಅನಿಸಿದ್ದು ಈಗ ನೆನಪಾಗಿ, ಬಸ್ಸಿನ ಕಂಬಿ ಹಿಡಿದ ತನ್ನ ಅಂಗೈ ಜಿಗುಟಾಗಿರುವುದು ಅವನ ಗಮನಕ್ಕೆ ಬಂತು.

ದೂರದ ಊರಿನ ಒಂದು ಪ್ರಯೋಗಶಾಲೆಗೆ ಗಟ್ಟಿ ನೊಣಗಳನ್ನು ಕಳಿಸಿಕೊಟ್ಟದ್ದೂ ಉಂಟು. ನಮ್ಮ ಕೈಯಲ್ಲಿ ಇವು ಸಾದಾ ನೊಣಗಳಂತೆಯೇ ಬೀಳುತ್ತಿವೆ, ಕಾರಣ ತಿಳಿಸಬಹುದೇ ಎಂದು ಅವರು ವಿನಯದಿಂದ ಕೇಳಿದ್ದರು. ಅವನು ಶಿಷ್ಯೆಯನ್ನು ಕೂರಿಸಿಕೊಂಡು ಉತ್ತರ ಹೇಳಿ ಟೈಪು ಮಾಡಿಸಿದ್ದ: ನಿಮ್ಮ ತೊಟ್ಟಿಯ ಹೀಟರ್ ಪರೀಕ್ಷಿಸಿಕೊಳ್ಳಿ. ಒಂದೇ ವಾಕ್ಯ. ಅದರ ಚುರುಕುತನಕ್ಕೆ ಸ್ವತಃ ಮೆಚ್ಚಿ ನಕ್ಕಿದ್ದ. ಶಿಷ್ಯೆಯೂ ತಲೆ ತಗ್ಗಿಸಿ ನಕ್ಕಿದ್ದಳು. ಆ ನಗೆಯನ್ನು ಅವನು ಆಗ ಭಕ್ತಿ ಎಂದು ಲೆಕ್ಕ ಹಿಡಿದಿದ್ದ.

ಅವನು ಪ್ರಯೋಗಶಾಲೆ ತಲುಪಿದಾಗ ಶಿಷ್ಯೆ ತೊಟ್ಟಿಯನ್ನು ತೊಳೆದು, ಹೊಸ ನೀರು ತುಂಬಿ, ಶಾಖಕ್ಕಿಟ್ಟು ಕಾಯುತ್ತಿದ್ದಳು. ಸೀಸೆಗಳು ಸಾಲಾಗಿದ್ದವು, ಬಿರಡೆಗಳು ಎಂದಿಗಿಂತ ಬೆಳ್ಳಗಿದ್ದವು. ಇಂದಿಗಾಗಿ ಇಸ್ತ್ರಿ ಮಾಡಿದ ಉಡುಪಿನಲ್ಲಿ ಅವಳು ಗಂಜಿಯ ಪಾತ್ರೆ ತಿಕ್ಕುತ್ತಿದ್ದುದನ್ನು ನೋಡಿದಾಗ, ಎಲ್ಲವನ್ನೂ ಈಗಲೇ ಹೇಳಿಬಿಟ್ಟರೆ ಅವಳು ಇಲ್ಲೇ ಕುಸಿದು ಕೂತಾಳು ಎಂದು ಅವನಿಗೆ ಭಯವಾಯಿತು. ಐದು ವರ್ಷದ ದುಡಿಮೆ. ಹೇಗೆ ಆರಂಭಿಸುವುದೆಂದು ತಿಳಿಯದೆ, ಥರ್ಮಾಮೀಟರನ್ನು ಎತ್ತಿ ನೋಡುವ ನೆವ ಮಾಡಿದ.

“ಮೇಲೆ, ಬಿರಡೆ ಹತ್ರ, ಎಷ್ಟು ಶಾಖ ಇರುತ್ತೆ ಅಂತ ಯಾವತ್ತಾದ್ರೂ ಅಳೆದಿದ್ದೀಯೇನಮ್ಮ?”

“ಅಳೆದಿದ್ದೀನಿ ಸರ್.” ಅವಳು ಪಾತ್ರೆಯಿಂದ ಮುಖ ಎತ್ತಲಿಲ್ಲ.

“ಎಷ್ಟಿತ್ತು?”

“ಐದು ಡಿಗ್ರಿ ಕಮ್ಮಿ. ಒಂದೊಂದ್ಸಲ ಆರು.”

ತೊಟ್ಟಿಯ ನೀರು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನು ಥರ್ಮಾಮೀಟರನ್ನು ಮೆಲ್ಲಗೆ ಮರಳಿ ಇಳಿಸಿದ, ಅದು ಮಲಗಿದ್ದು ಎಚ್ಚರವಾಗಬಾರದೆನ್ನುವಂತೆ.

“ಯಾವಾಗ ಅಳೆದೆ?”

“ಬಿದಿರು ಬಿಟ್ಟು ಹೋದ ಮೇಲೆ. ಎರಡನೇ ವರ್ಷ ಇರಬೇಕು.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

ಈಗ ಅವಳು ತಿರುಗಿದಳು. ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು. ಮುಖದಲ್ಲಿದ್ದ ಆಶ್ಚರ್ಯ ನಟನೆಯದಾಗಿರಲಿಲ್ಲ. ಅದನ್ನು ಸಹಿಸುವುದೇ ಅವನಿಗೆ ಕಷ್ಟವಾಯಿತು.

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಸರ್. ಬಿದಿರು ನಿಮ್ಮೆದುರಿಗೇ ಹೇಳಿದ್ನಲ್ಲ. ಆಮೇಲೂ ಬಿರಡೆ ಮೇಲೇ ಇತ್ತು. ಅಂದ್ರೆ ನೀವು ಬೇಕಂತಲೇ ಇಡ್ಸಿದ್ದೀರಿ ಅಂತ...”

“ಬೇಕಂತಲೇ?”

“ಎಲ್ಲಾ ಕಡೆ ಏನಾದ್ರೂ ಒಂದು ಇದ್ದೇ ಇರುತ್ತಂತಲ್ಲ ಸರ್. ನಮ್ಮ ಕಡೆ ಇದು ಅಂದ್ಕೊಂಡೆ.”

ಅವನು ಕುರ್ಚಿ ಎಳೆದು ಕೂತ. ಇಷ್ಟು ವರ್ಷ ಅವಳು ಅವನಿಗೆ ಟೀ ತಂದಿದ್ದಳು, ಅವನ ಹಳಸಲು ಹಾಸ್ಯಕ್ಕೆ ನಕ್ಕಿದ್ದಳು, ಅವನ ಕಾಯಿಲೆಗೆ ಮಾತ್ರೆ ಹುಡುಕಿ ತಂದಿದ್ದಳು; ಮತ್ತು ಆ ಎಲ್ಲ ಹೊತ್ತೂ ಅವನನ್ನು ಮೋಸಗಾರನೆಂದು ತಿಳಿದಿದ್ದಳು. ತಿಳಿದೂ ಬೇಸರಿಸಿರಲಿಲ್ಲ. ತಾನು ಮೋಸಗಾರನಲ್ಲ, ಬರೀ ಕಾಣದವನು ಎಂದು ಈಗ ಹೇಳಿದರೆ ಅವಳ ಕಣ್ಣಲ್ಲಿ ಅವನು ಇನ್ನಷ್ಟು ಸಣ್ಣವನಾಗುತ್ತಾನೆ ಹೊರತು ದೊಡ್ಡವನಾಗುವುದಿಲ್ಲ. ಮೋಸಗಾರನಿಗಾದರೂ ಒಂದು ಬುದ್ಧಿಯ ಮರ್ಯಾದೆ ಇರುತ್ತದೆ. ಇಲ್ಲಿಂದ ಬಿಟ್ಟು ಹೋದವರ ಮುಖಗಳು ಅವನಿಗೆ ನೆನಪಾದವು: ಕೇಳಿದವರು, ಎದುರಾಡಿದವರು, ಬೆವರಿ ಕೆಂಪಾಗಿ ಮಗುಚಿ ಬಿದ್ದವರು. ಉಳಿದವರು ಮೇಲೆ ಹತ್ತಿ ತಣ್ಣಗೆ ಕೂರಲು ಕಲಿತವರು. ತೊಟ್ಟಿಯೊಳಗಿನ ಲೆಕ್ಕಕ್ಕೂ ಹೊರಗಿನ ಲೆಕ್ಕಕ್ಕೂ ಶೇಷ ಒಂದೇ. ಅವನು ಕಣ್ಣೆತ್ತಿ ಅವಳನ್ನು ನೋಡಿದ. ಒಳ್ಳೆಯ ಹುಡುಗಿ. ಯಾವ ಹೊತ್ತಿನಲ್ಲೂ ಒದ್ದೆಯಾಗದ ಹುಡುಗಿ.

“ಈಗೇನು ಮಾಡೋದು?” ಎಂದು ಕೇಳಿದ. ಯಾವ ಶಿಷ್ಯರನ್ನೂ ಅವನು ಹೀಗೆ ಕೇಳಿದವನಲ್ಲ.

“ಇವತ್ತಿಂದು ಮುಗೀಲಿ ಸರ್,” ಎಂದಳು ಅವಳು, ಜ್ವರದ ಮಗುವಿಗೆ ಹೇಳುವ ಹಾಗೆ. “ಕಾಲೇಜಿನವರು ಪದವಿ ತೋರಿಸಿದ್ರೆ ಮಾತ್ರ ತಗೋತಾರೆ. ಆಮೇಲೆ ನೀವು ಏನು ಬೇಕಾದ್ರೂ ಬರೀಬಹುದು. ನಾನು ಬೇಡ ಅನ್ನಲ್ಲ.”

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವನಿಗಾಗಲಿಲ್ಲ. ಹೇಳಿದರೆ ಅವಳ ಐದು ವರ್ಷವನ್ನು ಎಣ್ಣೆಯ ಬಟ್ಟಲಿಗೆ ಸುರಿದಂತೆ. ಹೇಳದಿದ್ದರೆ ಈ ನೊಣಗಳು ಇನ್ನೂ ಎಷ್ಟೋ ಕಾಲ ಗಟ್ಟಿ ಎನ್ನುವ ಹೆಸರಿನಲ್ಲಿ ಮೊಟ್ಟೆಯಿಡುತ್ತವೆ. ಅವನು ಎದ್ದು ಕೈ ತೊಳೆದುಕೊಂಡ. ಟವೆಲಿನಲ್ಲಿ ಹುಳಿವಾಸನೆಯಿತ್ತು. ಮತ್ತೆ ತೊಳೆದುಕೊಂಡ.

ಪರೀಕ್ಷಕರು ಸ್ಥೂಲಕಾಯದವರು, ಮಾತು ಬೆಣ್ಣೆಯಂತೆ. ಮೆಟ್ಟಿಲು ಹತ್ತಿ ಬಂದವರು ಮೊದಲು ಕುರ್ಚಿ ಕೇಳಿದರು, ಆಮೇಲೆ ಟೀ ಕೇಳಿದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿ, ಅದನ್ನು ಹಿಂಡಿದರೆ ಲೋಟ ತುಂಬುವಷ್ಟಾಗಿದ್ದರೂ ಮಡಿಚಿ ಮೇಜಿನ ಮೇಲೆ, ಪ್ರಬಂಧದ ಪ್ರತಿಯ ಮೇಲೆಯೇ ಇಟ್ಟರು. ರಟ್ಟಿನ ಮೇಲೆ ಒದ್ದೆಯ ಗುರುತು ನಿಧಾನವಾಗಿ ಹರಡಿತು. ಪ್ರಾಧ್ಯಾಪಕನ ಕಣ್ಣು ಆ ಗುರುತನ್ನು ಬಿಟ್ಟು ಕದಲಲಿಲ್ಲ. ಪ್ರಶ್ನೆಗಳು ಸುಲಭವಾಗಿದ್ದವು, ಶಿಷ್ಯೆ ನಿಂತ ಕಾಲಲ್ಲಿ ಉತ್ತರಿಸಿದಳು. ನಡುವೆ ಪರೀಕ್ಷಕರ ಟೀಗೆ ಒಂದು ನೊಣ ಬಿತ್ತು. ಅವಳು ಬೇರೆ ತರಲು ಎದ್ದಳು.

“ಇರಲಿ ಬಿಡಮ್ಮ. ನೊಣದ ಪ್ರೊಫೆಸರ್ ಕೊಡಿಸಿದ ಟೀಯಲ್ಲಿ ನೊಣ ಬೀಳದೆ ಆನೆ ಬೀಳುತ್ತಾ?” ಎಂದು ಅವರು ತೋರುಬೆರಳನ್ನು ಅದ್ದಿ ನೊಣವನ್ನು ಎತ್ತಿ, ಲೋಟದಂಚಿಗೆ ಒರೆಸಿ, ಉಳಿದ ಟೀಯನ್ನು ಸೊರ್ರನೆ ಕುಡಿದರು. ಬೆರಳನ್ನೂ ನೆಕ್ಕಿದರು. “ಇದು ಗಟ್ಟಿಯೋ ಸಾದಾವೋ?”

ಎಲ್ಲರೂ ನಕ್ಕರು. ಪ್ರಾಧ್ಯಾಪಕ ಆ ಬೆರಳನ್ನೂ, ಆ ಬೆರಳು ಇನ್ನು ಸ್ವಲ್ಪ ಹೊತ್ತಿಗೆ ಸಹಿ ಹಾಕಲಿರುವ ಜಾಗವನ್ನೂ ನೋಡಿದ. ಈ ಬೆರಳು ತನ್ನನ್ನು ತೂಗಬೇಕು. ಆ ಯೋಚನೆಯಿಂದ ಮೈ ಜುಮ್ಮೆಂದು, ಜುಮ್ಮೆಂದ ಮೇಲೆ ವಿಚಿತ್ರವಾದ ಒಂದು ಹಗುರ ಬಂತು. ಇಲ್ಲಿ ಇನ್ನೇನು ಕೊಳೆಯುವುದಿದೆ.

“ಪ್ರಯೋಗ ನಾನೇ ತೋರಿಸ್ತೀನಿ,” ಎಂದು ಎದ್ದ.

ಶಿಷ್ಯೆ ಸಿದ್ಧವಾಗಿಟ್ಟಿದ್ದ ಎರಡು ಸೀಸೆಗಳನ್ನು ಕೈಗೆ ತೆಗೆದುಕೊಂಡ, ಒಂದು ಗಟ್ಟಿ, ಒಂದು ಸಾದಾ, ಎರಡರ ಮೇಲೂ ಅವಳ ದುಂಡಕ್ಷರದ ಚೀಟಿ. ಒಳಗೆ ನೊಣಗಳು ಮಿಸುಕಾಡುತ್ತಿದ್ದವು. ಗಟ್ಟಿ ಸೀಸೆಯವು ಆಗಲೇ ಮೇಲಕ್ಕೆ ಸಾಲುಗಟ್ಟಿ ಬಿರಡೆಯ ಬುಡಕ್ಕೆ ಬಂದು ಕಾಯುತ್ತಿದ್ದವು, ಪಾಠ ಬಾಯಿಗೆ ಬಂದ ಮಕ್ಕಳ ಹಾಗೆ. ಇಷ್ಟು ವರ್ಷ ಇದು ಹೇಗೆ ಕಾಣಲಿಲ್ಲ. ಅವನು ಹೆಬ್ಬೆರಳನ್ನು ಬಿರಡೆಯ ಮೇಲಿಟ್ಟು ಒತ್ತಿದ. ಹತ್ತಿ ಮೊದಲು ತಡೆಯಿತು, ಆಮೇಲೆ ಜಾರಿತು. ನೊಣಗಳು ಅದರ ಮುಂದೆ ಕೆಳಕೆಳಗೆ ಹಿಂಜರಿದವು. ಇನ್ನೊಂದನ್ನೂ ಅಷ್ಟೇ ಒತ್ತಿದ. ಶಿಷ್ಯೆಯ ಉಸಿರು ಒಂದು ಕ್ಷಣ ನಿಂತದ್ದು ಅವನಿಗೆ ಕೇಳಿಸಿತು. ಅವಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅವನು ಸೀಸೆಗಳನ್ನು ತೊಟ್ಟಿಗೆ ಇಳಿಸಿದ. ಬಾಯಿಯ ಮಟ್ಟಕ್ಕೆ ಬಂದ ನೀರು ಒಳಗೆ ನುಗ್ಗಿ ಬಿರಡೆಗಳನ್ನು ತೋಯಿಸಿತು. ಬೆಳ್ಳನೆಯ ಹತ್ತಿ ಕಂದಿ, ಕುಗ್ಗಿ, ಬೂದುಬಣ್ಣವಾಯಿತು. ಜೀವಮಾನದಲ್ಲಿ ಮೊದಲ ಸಲ ಅವನು ತಾನಾಗಿಯೇ ಒಂದು ಬಿರಡೆಯನ್ನು ಒದ್ದೆ ಮಾಡಿದ್ದ.

ಪರೀಕ್ಷಕರು ತೊಟ್ಟಿಯ ಮೇಲೆ ಬಾಗಿದರು. ಅವರ ಉಸಿರಿನಲ್ಲಿ ಟೀ ಮತ್ತು ಬಿಸ್ಕತ್ತಿನ ವಾಸನೆ. ನೊಣಗಳು ಓಡಾಡಿದವು. ಗಟ್ಟಿಯವು ಮೇಲೆ ಹೋಗಿ, ಅಲ್ಲಿಯೂ ಅಷ್ಟೇ ಬಿಸಿಯಿರುವುದನ್ನು ಕಂಡು, ನಂಬಲಾರದೆ ಮತ್ತೆ ಮತ್ತೆ ಹತ್ತಿಗೆ ತಲೆ ತಾಗಿಸಿದವು. ಆಮೇಲೆ ಎರಡು ಸೀಸೆಯವೂ ತೂಕಡಿಸಿದವು. ಆಮೇಲೆ ಬಿದ್ದವು. ಒಂದರಲ್ಲಿ ಕೊನೆಯದು ಬಿದ್ದಾಗ ಇನ್ನೊಂದರಲ್ಲೂ ಬಿದ್ದಿತ್ತು. ತಳದಲ್ಲಿ ಎರಡೂ ಕಡೆ ಒಂದೇ ತರದ ಕಪ್ಪು ಪುಡಿ.

ಪ್ರಾಧ್ಯಾಪಕನ ಬಾಯಿಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು, ಚಿಕ್ಕದು, ಒಂದೇ ಉಸಿರಿನದು: ಇಷ್ಟು ವರ್ಷ ನಾವು ಆರಿಸಿದ್ದು ಶಾಖ ತಾಳುವುದನ್ನಲ್ಲ. ಮುಂದಿನದು ಅದರ ಹಿಂದೆ ತಾನಾಗಿ ಬರುತ್ತಿತ್ತು.

“ಇದೇನು, ಎರಡೂ ಬಿದ್ವಲ್ಲ?” ಎಂದರು ಪರೀಕ್ಷಕರು.

ಅವನು ಬಾಯಿ ತೆರೆದ.

“ಹೀಟರ್ ಕೈಕೊಟ್ಟಿದೆ ಸರ್,” ಎಂದಳು ಶಿಷ್ಯೆ. ದನಿಯಲ್ಲಿ ಒಂದೆಳೆ ನಡುಕವೂ ಇರಲಿಲ್ಲ. ಹೇಳುತ್ತಲೇ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಳು; ಥರ್ಮಾಮೀಟರು ಈಗ ಅವಳ ಬೆನ್ನ ಹಿಂದಿತ್ತು. “ಬೆಳಗ್ಗೆಯಿಂದ ಶಾಖ ಹೆಚ್ಚು ಹೋಗ್ತಿದೆ. ಸರ್ ಆಗಲೇ ನೋಡಿ, ರಿಪೇರಿಗೆ ಹೇಳಬೇಕು ಅಂದಿದ್ರು. ಇಷ್ಟು ಶಾಖಕ್ಕೆ ಯಾವ ನೊಣವೂ ತಡೆಯಲ್ಲ.”

ಪರೀಕ್ಷಕರು ತಿರುಗಿ ಅವನ ಮುಖ ನೋಡಿದರು. ಅವರ ಕಣ್ಣಲ್ಲಿ ಅನುಮಾನವಿರಲಿಲ್ಲ. ಬೇಗ ಮುಗಿದರೆ ಸಾಕೆಂಬ ಬೇಡಿಕೆಯಿತ್ತು. “ಹೌದಾ ಪ್ರೊಫೆಸರೇ?”

ಹೌದು ಅಥವಾ ಅಲ್ಲ. ಮೂರನೆಯ ಉತ್ತರವಿಲ್ಲದ ಲೆಕ್ಕ. ಅವಳ ಭುಜದ ಪಕ್ಕದಿಂದ ಥರ್ಮಾಮೀಟರಿನ ತುದಿ ಕಾಣುತ್ತಿತ್ತು. ಪಾದರಸ ಎಲ್ಲಿ ನಿಲ್ಲಬೇಕೋ ಅಲ್ಲಿಯೇ, ಗೆರೆ ಎಳೆದಂತೆ ನಿಂತಿತ್ತು. ಒಂದು ಹೆಜ್ಜೆ ಇಟ್ಟು ಬೆರಳು ತೋರಿಸಿದರೆ ಸಾಕಿತ್ತು. ಅವಳ ಕುತ್ತಿಗೆಯ ಮಗ್ಗುಲಲ್ಲಿ ಬೆವರಿನ ಒಂದೇ ಹನಿ ಇಳಿಯುತ್ತಿರುವುದು ಅವನಿಗೆ ಕಂಡಿತು. ಅದನ್ನು ಕಂಡು ಕನಿಕರವಾಯಿತೆಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಆದರೆ ಆದದ್ದು ಕನಿಕರವಲ್ಲ. ಎಲ್ಲ ಕಡೆಯಿಂದ ಬಿಸಿ ಮುತ್ತಿದಾಗ ಮೇಲೆಲ್ಲೋ ಉಗುರುಬೆಚ್ಚಗಿನ ಒಂದು ಜಾಗವಿದೆಯೆಂದು ಮೈಗೆ ತಿಳಿಯುತ್ತದಲ್ಲ, ಅದು. ಕಾಲು ತಾನಾಗಿ ಆ ಕಡೆ ಹೊರಡುತ್ತದೆ.

“ಹೌದು,” ಎಂದ. “ಹೀಟರ್.”

“ಅಷ್ಟೇ ತಾನೇ! ಯಂತ್ರದ ತಪ್ಪಿಗೆ ಹುಡುಗಿಗೆ ಯಾಕೆ ಶಿಕ್ಷೆ?” ಪರೀ‍ಕ್ಷಕರು ಬೆನ್ನು ನೆಟ್ಟಗೆ ಮಾಡಿಕೊಂಡು ಕರವಸ್ತ್ರಕ್ಕೆ ಕೈಹಾಕಿದರು. “ಅಂಕಿ ಅಂಶ ಎಲ್ಲಾ ಪ್ರಬಂಧದಲ್ಲೇ ಇದೆಯಲ್ಲ. ಬಾಮ್ಮ, ಪೆನ್ನು ಕೊಡು.” ಅದೇ ಬೆರಳುಗಳಿಂದ ಸಹಿ ಹಾಕಿ, ಅದೇ ಕೈಯನ್ನು ಪ್ರಾಧ್ಯಾಪಕನಿಗೆ ಚಾಚಿದರು. ಅವನು ಕುಲುಕಿದ. ಅಂಗೈ ಮೆತ್ತಗೆ, ಬೆಚ್ಚಗೆ, ಒದ್ದೆಯಾಗಿತ್ತು. ಯಾರದೆಂದು ಬೇರೆ ಮಾಡುವಂತಿರಲಿಲ್ಲ.

ಅವರನ್ನು ಬಾಗಿಲವರೆಗೆ ಕಳಿಸಿ ಬಂದಾಗ ಶಿಷ್ಯೆ ಸೀಸೆಗಳನ್ನು ತೊಟ್ಟಿಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಎಂದಿನ ಕೆಲಸವನ್ನು ಎಂದಿನಂತೆ ಮಾಡುತ್ತಿದ್ದಳು. ಒದ್ದೆ ಬಿರಡೆಗಳನ್ನು ಚಿಮಟದಿಂದ ಎಳೆದು, ಅವನ ಕಣ್ಣಿಗೆ ಬೀಳದಂತೆ ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದಳು. ಸೀಸೆಗಳ ತಳದಲ್ಲಿ ತಣ್ಣಗಾದ ಪುಡಿ ಅಲ್ಲೊಂದು ಇಲ್ಲೊಂದು ಮಿಸುಕತೊಡಗಿತು. ಒಂದು ಕಾಲು, ಒಂದು ರೆಕ್ಕೆ. ಸತ್ತಿರಲಿಲ್ಲ, ಬರೀ ಬಿದ್ದಿದ್ದವು. ಒಂದು ಎದ್ದು ತಡವರಿಸಿ ಮುಂಗಾಲು ಉಜ್ಜಿಕೊಂಡಿತು. ಬಿಸಿನೀರಿಗೆ ಚೀಟಿಗಳೆರಡೂ ಕಿತ್ತು ತೊಟ್ಟಿಯಲ್ಲಿ ತೇಲುತ್ತಿದ್ದವು, ಅಕ್ಷರ ಕದಡಿ ನೀಲಿಯಾಗಿತ್ತು.

ಅವಳು ಡಬ್ಬಿಯಿಂದ ಹೊಸ ಬಿರಡೆಯೊಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು.

“ಇದರಲ್ಲಿ ಗಟ್ಟಿ ಯಾವುದು ಸರ್?”

ಅವನು ಎರಡನ್ನೂ ನೋಡಿದ. ಬೆಳಕಿಗೆ ಎತ್ತಿ ಹಿಡಿಯಲಿಲ್ಲ, ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಎಡಗಡೆಯ ಸೀಸೆಯತ್ತ ಬೆರಳು ತೋರಿಸಿದ. ಅವಳು ಬೆಳ್ಳನೆಯ ಒಣ ಬಿರಡೆಯನ್ನು ಅದರ ಬಾಯಿಗೆ ಕೂರಿಸಿದಳು, ಒತ್ತದೆ, ಎಲ್ಲಿಯೂ ನೀರು ತಾಗದ ಹಾಗೆ.